ಎರಡು ಎಂಬಿ ಲೈನು

ಟೆಲಿಫೋನ್ ಲೈನಿನ ಪೆಟ್ಟಿಗೆಯ ಬೆನ್ನಿಗೆ ಅಂಟಿದ್ದ ಲೇಬಲ್ಲಿನ ದೂಳನ್ನು ಚೌಡೇಶ್ವರಿ ಹೆಬ್ಬೆರಳಿನಿಂದ ಒರೆಸಿ, ಮೊಬೈಲಿನ ಟಾರ್ಚನ್ನು ಹತ್ತಿರ ಹಿಡಿದಳು. ಎರಡು ಎಂಬ ಅಂಕಿ. ಅದರ ಮುಂದೆ ಎಂ ಮತ್ತು ಬಿ ಎಂಬ ಇಂಗ್ಲಿಷ್ ಅಕ್ಷರಗಳು. ಎಂ ದೊಡ್ಡದು, ಬಿ ಚಿಕ್ಕದು.

ಎದ್ದು ಪಕ್ಕದ ಕಪಾಟಿನಲ್ಲಿದ್ದ ಡಿಸ್ಕ್ ನೋಡಿದಳು. ಅದರ ವೇಗ ಬರೆದಿದ್ದಲ್ಲಿ ನಲವತ್ತು ಎಂಬ ಅಂಕಿ, ಮುಂದೆ ಅವೇ ಎರಡು ಅಕ್ಷರ. ಇಲ್ಲಿ ಎರಡೂ ದೊಡ್ಡವು.

ಮತ್ತೆ ಮಂಡಿಯೂರಿ ಮೊದಲಿನ ಲೇಬಲ್ಲನ್ನೇ ಇನ್ನೊಮ್ಮೆ ಓದಿದಳು.

"ಏನ್ ಮೇಡಂ?" ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಶಿವನಂಜಯ್ಯ ಕೇಳಿದ.

"ಬಸವೇಶ ಸುಳ್ಳು ಹೇಳಿದ್ದಾನೆ," ಎಂದಳು ಅವಳು.

ಲೊಕ್ಕನಹಳ್ಳಿಯ ಆಚೆ, ಈ ಬೋಳುಬಂಡೆ ಗುಡ್ಡದ ಬುಡದಲ್ಲಿ ಸಿದ್ದಮಲ್ಲಪ್ಪನ ಹೆಣ ಸಿಕ್ಕಿ ವಾರವಾಗಿತ್ತು. ಕಾಲು ಜಾರಿ ಬಿದ್ದಿದ್ದಾನೆ ಎಂದು ಎಲ್ಲರೂ ಹೇಳಿದ್ದರು. ಕಾರೆಮಾಳ ಔಟ್‌ಪೋಸ್ಟಿನ ಸಬ್ ಇನ್‌ಸ್ಪೆಕ್ಟರ್ ಚೌಡೇಶ್ವರಿಗೆ ಮಾತ್ರ ಅದು ಒಪ್ಪಿಗೆಯಾಗಿರಲಿಲ್ಲ.

ಗುಡ್ಡದ ಮೇಲಿನ ಈ ಒಂಟಿ ಕೋಣೆ ಒಂದು ಕಾಲದಲ್ಲಿ ಟೆಲಿಫೋನಿನವರದು. ಆಮೇಲೆ ಕಾನನಧ್ವನಿ ಎಂಬ ಸಂಸ್ಥೆ ಇದನ್ನು ಬಾಡಿಗೆಗೆ ಹಿಡಿದಿತ್ತು. ಕಾಡಂಚಿನ ಮರಗಳಿಗೆ ಅವರು ಮೈಕು ಕಟ್ಟಿದ್ದರು. ಆನೆ ಬಂದ ಸದ್ದು ಕೇಳಿದರೆ ಊರುಗಳಿಗೆ ಎಚ್ಚರಿಕೆ ಹೋಗುತ್ತಿತ್ತು. ಮೈಕಿಗೆ ಬಿದ್ದ ಸದ್ದೆಲ್ಲ ಈ ಕೋಣೆಯ ಡಿಸ್ಕಿನಲ್ಲಿ ತುಂಬಿಕೊಳ್ಳುತ್ತಿತ್ತು. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲೆಂದು ಕೋಣೆಯ ಗೋಡೆಗೂ ಒಂದು ಮೈಕು ಇತ್ತು.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಸಿದ್ದಮಲ್ಲಪ್ಪ. ಟೆಲಿಫೋನ್ ಕೆಲಸದಿಂದ ನಿವೃತ್ತನಾದ ಮೇಲೆ, ಹೆಂಡತಿಯೂ ತೀರಿಕೊಂಡ ಮೇಲೆ, ಆರು ವರ್ಷ ಅವನು ಒಬ್ಬನೇ ಇಲ್ಲಿದ್ದ.

ಸಂಸ್ಥೆಯ ಕಚೇರಿ ಇದ್ದದ್ದು ಯಳಂದೂರಿನಲ್ಲಿ. ಅದರ ಉಸ್ತುವಾರಿ ಬಸವೇಶನದು. ಸಿದ್ದಮಲ್ಲಪ್ಪ ಸತ್ತ ದಿನ ಎಲ್ಲಿದ್ದಿರಿ ಎಂದು ಕೇಳಿದಾಗ ಅವನು ತಡವರಿಸದೆ ಉತ್ತರ ಕೊಟ್ಟಿದ್ದ. ಬೆಳಿಗ್ಗೆ ಹತ್ತು ಗಂಟೆಗೆ ಮಲ್ಲಪ್ಪಣ್ಣ ಫೋನ್ ಮಾಡಿ, ವಾರದ ಧ್ವನಿಯನ್ನೆಲ್ಲ ಲೈನಿನಲ್ಲಿ ಕಳಿಸುತ್ತೇನೆ ಅಂದ. ನಾನು ಕಂಪ್ಯೂಟರ್ ಮುಂದೆಯೇ ಕೂತಿದ್ದೆ. ಊಟದ ಹೊತ್ತಿಗೆ ಪೂರ್ತಿ ಬಂತು. ಕಳಿಸಿದ ಮೇಲೆ ಅವನು ಎಂದಿನಂತೆ ಡಿಸ್ಕ್ ಅಳಿಸಿರಬೇಕು.

ಹೇಳಿಕೆಗೆ ತಕ್ಕಂತೆ ಎಲ್ಲವೂ ಇತ್ತು. ಯಳಂದೂರಿನ ಕಂಪ್ಯೂಟರಿನಲ್ಲಿ ಅದೇ ತಾರೀಖಿನ ಹನ್ನೆರಡು ಜಿಬಿಯ ಫೈಲಿತ್ತು. ಗುಡ್ಡದ ಡಿಸ್ಕ್ ಖಾಲಿ ಇತ್ತು. ಮಧ್ಯಾಹ್ನದವರೆಗೆ ಸಿದ್ದಮಲ್ಲಪ್ಪ ಬದುಕಿದ್ದು ಕೆಲಸ ಮಾಡುತ್ತಿದ್ದ, ಬಸವೇಶ ಐವತ್ತು ಕಿಲೋಮೀಟರ್ ಆಚೆ ಕುರ್ಚಿಯಲ್ಲಿದ್ದ ಎಂದಾಯಿತು.

ಚೌಡೇಶ್ವರಿ ಲೆಕ್ಕವನ್ನೂ ಹಾಕಿ ನೋಡಿದ್ದಳು. ಈ ಲೈನನ್ನು ಎಲ್ಲರೂ ಕರೆಯುವುದು ಎರಡು ಎಂಬಿ ಲೈನು ಎಂದು. ಸೆಕೆಂಡಿಗೆ ಎರಡು ಎಂಬಿ ಎಂದರೆ ಗಂಟೆಗೆ ಏಳು ಜಿಬಿ. ಹನ್ನೆರಡು ಜಿಬಿಗೆ ಎರಡು ಗಂಟೆ ಸಾಕು. ಸರಿಹೋಯಿತು ಎಂದುಕೊಂಡಿದ್ದಳು.

ಆದರೆ ಈ ಬಿ ಚಿಕ್ಕದು.

"ನೋಡಿ ಶಿವನಂಜಯ್ಯ," ಎಂದಳು. "ದೊಡ್ಡ ಬಿ ಅಂದ್ರೆ ಬೈಟು. ಚಿಕ್ಕ ಬಿ ಅಂದ್ರೆ ಬಿಟ್ಟು. ಎಂಟು ಬಿಟ್ಟು ಸೇರಿದ್ರೆ ಒಂದು ಬೈಟು. ಟೆಲಿಫೋನಿನವರು ಮೊದಲಿಂದ ಬಿಟ್ಟಲ್ಲೇ ಅಳೀತಾರೆ, ಡಿಸ್ಕ್ ಮಾಡೋರು ಬೈಟಲ್ಲಿ ಅಳೀತಾರೆ. ಬಾಯಲ್ಲಿ ಹೇಳೋವಾಗ ಎರಡೂ ಎಂಬಿನೇ."

ಶಿವನಂಜಯ್ಯ ತಲೆ ಕೆರೆದುಕೊಂಡ.

ಅವನಿಗೆ ಬೇರೆ ರೀತಿ ಹೇಳಬೇಕಾಯಿತು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದವಳು ಅವಳು. ಅವಳ ಅವ್ವ ಮದುವೆಗೆ ಮುಂಚೆ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಬಿಸಿನೀರಿನ ಬಾಣಲೆಯಲ್ಲಿ ಎಂಟು ಗೂಡುಗಳ ಎಳೆ ಹಿಡಿದು ಒಂದು ನೂಲು ಮಾಡುತ್ತಿದ್ದಳಂತೆ. ಲೈನಿನವರು ಎಣಿಸುವುದು ಎಳೆ, ಡಿಸ್ಕಿನವರು ಎಣಿಸುವುದು ನೂಲು ಎಂದಳು ಚೌಡೇಶ್ವರಿ.

"ಅಂಗಂದ್ರೆ ಎಂಟು ಪಾಲು ಕಮ್ಮಿ," ಎಂದ ಶಿವನಂಜಯ್ಯ.

"ಎಂಟರಲ್ಲಿ ಒಂದು ಪಾಲು. ಸೆಕೆಂಡಿಗೆ ಕಾಲು ಎಂಬಿ. ಗಂಟೆಗೆ ಒಂದು ಜಿಬಿನೂ ಬರಲ್ಲ. ಅವನ ಫೈಲು ಪೂರ್ತಿ ಹೋಗಬೇಕಾದ್ರೆ ಹದಿಮೂರು ಗಂಟೆ ದಾಟತ್ತೆ. ಊಟದ ಹೊತ್ತಿಗೆ ಹೇಗೆ ಬಂತು?"

ಶಿವನಂಜಯ್ಯ ಡಿಸ್ಕಿನ ಕಪಾಟನ್ನು ನೋಡಿದ. ಆಮೇಲೆ ಹೊರಗೆ, ಕಾಡಿನೊಳಗೆ ಇಳಿದುಹೋಗುವ ಮಣ್ಣುರಸ್ತೆಯನ್ನು ನೋಡಿದ.

"ಯಾರೋ ಎತ್ಕಂಡ್ ಓಗವ್ರೆ," ಎಂದ.

"ಲೈನಲ್ಲಿ ಹೋಗಿಲ್ಲ. ಕೈಯಲ್ಲೇ ಹೋಗಿದೆ."

ಲೆಕ್ಕ ಸರಿ ಇದ್ದರೂ ಅದನ್ನು ಹಿಡಿದುಕೊಂಡು ಬಸವೇಶನ ಮುಂದೆ ನಿಂತರೆ, ಲೇಬಲ್ಲು ತಪ್ಪಿರಬಹುದು, ಯಂತ್ರ ಬದಲಾಗಿರಬಹುದು ಎಂದು ಅವನು ವಾದ ಹೂಡುತ್ತಾನೆ ಎಂದು ಚೌಡೇಶ್ವರಿಗೆ ಗೊತ್ತಿತ್ತು. ಅವನೇ ಕೊಟ್ಟಿದ್ದ ಫೈಲಿನ ನಕಲು ಅವಳ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಕೋಣೆಯ ಯಂತ್ರಕ್ಕೆ ಚುಚ್ಚಿದಳು. ಶಿವನಂಜಯ್ಯ ಹೊರಗೆ ಹೋಗಿ ಒಂದು ಬೀಡಿ ಸೇದಿ ಬರುವಷ್ಟರಲ್ಲಿ ಹನ್ನೆರಡು ಜಿಬಿಯೂ ಡಿಸ್ಕಿಗೆ ಇಳಿದಿತ್ತು. ಆಮೇಲೆ ಅದನ್ನೇ ಯಳಂದೂರಿಗೆ ಕಳಿಸಲು ಗುಂಡಿ ಒತ್ತಿದಳು. ಪೆಟ್ಟಿಗೆಯ ಹಸಿರು ದೀಪ ಬಡಬಡನೆ ಮಿನುಗತೊಡಗಿತು. ಹೊತ್ತು ಬೆಳಿಗ್ಗೆ ಒಂಬತ್ತು.

ಯಾರೂ ಯಂತ್ರ ಮುಟ್ಟದಂತೆ ಕಾನ್‌ಸ್ಟೇಬಲ್ ಗಣೇಶನನ್ನು ಕೋಣೆಯಲ್ಲಿ ಕೂರಿಸಿ ಅವಳು ಗುಡ್ಡ ಇಳಿದಳು.

ಇಳಿಯುವ ದಾರಿಯಲ್ಲಿ ದೊಡ್ಡಬಸಮ್ಮನ ಮನೆ. ಗುಡ್ಡಕ್ಕೆ ಹತ್ತಿರದ ಮನೆಯೆಂದರೆ ಅದೊಂದೇ. ಆಕೆ ಹಸುಗಳನ್ನು ಬಿಚ್ಚುತ್ತಿದ್ದಳು. ಜೀಪು ನಿಂತದ್ದು ನೋಡಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು.

ಸಿದ್ದಮಲ್ಲಪ್ಪ ಬಿದ್ದದ್ದು ಗುಡ್ಡದ ಪಡುವಣ ಅಂಚಿನಿಂದ. ಅಲ್ಲಿಗೆ ಅವನು ಹೋಗುತ್ತಿದ್ದನೇ ಎಂದು ಚೌಡೇಶ್ವರಿ ಕೇಳಿದಳು.

"ಅತ್ಲಾಗೆ ಯಾರ್ ಓದಾರು ಕಣವ್ವ," ಎಂದಳು ದೊಡ್ಡಬಸಮ್ಮ. "ಬಂಡೆ ತುಂಬ ಹೆಜ್ಜೇನು ಕಟ್ಟದೆ. ಮಲ್ಲಪ್ಪಣ್ಣಂಗೆ ಒಂದ್ಸಲ ಕಚ್ಚಿ ಮಕ ಮಡಕೆ ಆದಂಗೆ ಆಗಿತ್ತು. ಅವತ್ತಿಂದ ಆ ಕಡೆ ತಲೆ ಆಕಿ ಮಲಗ್ತಿರ್ಲಿಲ್ಲ."

ಆ ದಿನ ಮೇಲೆ ಯಾರು ಹೋದರು ಎಂದು ಆಕೆಗೆ ಗೊತ್ತಿರಲಿಲ್ಲ. ಹಸುಗಳನ್ನು ಹಳ್ಳದ ಕಡೆ ಹೊಡೆದುಕೊಂಡು ಹೋಗಿದ್ದಳು. ಗಾಡಿಯ ಸದ್ದು ಕೇಳಿತ್ತು, ಎಷ್ಟು ಗಾಡಿ, ಯಾವ ಗಾಡಿ ಎಂದರೆ ಹೇಳಲಾರಳು.

ಜೀಪು ಹೊರಡುವ ಹೊತ್ತಿಗೆ ಕಿಟಕಿಯ ಅಂಚು ಹಿಡಿದುಕೊಂಡಳು.

"ಅವನು ಸಾಯೋ ಮುಂಚಿನ ದಿನ ಸಂಜೆ ಬಂದಿದ್ದ. ಒಂದ್ ಗಳಿಗೆ ಮೇಲ್ ಬಂದು ಕೂತ್ಕೊ ಬಸಮ್ಮ, ಒಬ್ಬನೇ ಇರಕ್ಕೆ ಆಯ್ತಿಲ್ಲ ಅಂದ. ಯಾವತ್ತೂ ಅಂಗ್ ಅಂದೋನಲ್ಲ. ಕರ ಆಕೋ ಹಸ ಇತ್ತು, ನಾ ಓಗ್ಲಿಲ್ಲ."

ಅವಳ ಕೈಮೇಲೆ ಚೌಡೇಶ್ವರಿ ಒಂದು ಕ್ಷಣ ತನ್ನ ಕೈ ಇಟ್ಟಳು.

ಜೀಪು ಹನೂರು ದಾಟಿ ಕೊಳ್ಳೇಗಾಲದ ಪೇಟೆ ಸೇರಿತು. ನೇಕಾರರ ಬೀದಿಯ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಒಳಗಿನಿಂದ ಮಗ್ಗದ ಸದ್ದು ಕೇಳಿಸುತ್ತಿತ್ತು. ಮೂರನೆಯ ಮನೆ ಅವಳ ಅಣ್ಣನದು. ಅವ್ವ ಇದ್ದಾಗ, ಜೀಪಿನ ಸದ್ದು ಕೇಳಿದರೆ ಸಾಕು, ಒಂದು ಲೋಟ ಕಾಫಿ ಹಿಡಿದು ಬೀದಿಗೆ ಬರುತ್ತಿದ್ದಳು. ಅವ್ವ ಹೋದ ಮೇಲೆ ಅಣ್ಣ ಅತ್ತಿಗೆ ಬೇಡ ಎಂದವರಲ್ಲ, ಬಾ ಎಂದವರೂ ಅಲ್ಲ. ಔಟ್‌ಪೋಸ್ಟಿನ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಅವಳು ಅಡುಗೆ ಮಾಡಿಕೊಂಡು, ರೇಡಿಯೋ ಹಚ್ಚಿಕೊಂಡು ಮಲಗುತ್ತಿದ್ದಳು. ಹಾಡಿಗಾಗಿ ಅಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು.

"ಮನೇಗ್ ಒಂದ್ ನಿಮ್ಸ ಓಗ್ ಬನ್ನಿ ಮೇಡಂ, ನಾ ಇರ್ತೀನಿ," ಎಂದ ಶಿವನಂಜಯ್ಯ.

"ಬೇಡ. ನಡೀರಿ."

ಯಳಂದೂರಿನ ಕಚೇರಿ ಹಳೆಯ ಅಕ್ಕಿ ಗಿರಣಿಯ ಮಗ್ಗುಲಿನ ಎರಡು ಕೋಣೆ. ಅವರು ತಲುಪಿದಾಗ ಹನ್ನೊಂದು ದಾಟಿತ್ತು. ಬಸವೇಶ ಕಂಪ್ಯೂಟರಿನ ಮುಂದೆ ಕೂತಿದ್ದ. ನಲವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಹಣೆಯಲ್ಲಿ ವಿಭೂತಿ ಇಟ್ಟ ಮನುಷ್ಯ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದರ ಪಕ್ಕದಲ್ಲಿ ಶೇಕಡ ಹದಿನೈದು ಎಂದಿತ್ತು.

ತಾನಾಗಿ ಬರುತ್ತಿರುವ ಈ ಫೈಲು ಏನೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹೆಸರೇ ಹೇಳುತ್ತಿತ್ತು.

"ಬನ್ನಿ ಮೇಡಂ," ಎಂದು ಎದ್ದು ನಿಂತ. ಕಾಫಿ ತರಿಸಲೇ ಎಂದು ಕೇಳಿದ. ಅವಳು ಬೇಡವೆಂದು ಅವನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಶಿವನಂಜಯ್ಯ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ.

"ಒಂಬತ್ತಕ್ಕೆ ಹಚ್ಚಿ ಬಂದೆ," ಎಂದಳು. "ಅವತ್ತಿನದೇ ಫೈಲು. ಅದೇ ಲೈನು."

"ಇವತ್ತು ಲೈನ್ ವೀಕ್ ಇರ್ಬೇಕು."

"ಅಲ್ಲಿ ಮೀಟರ್ ನೋಡ್ಕೊಂಡೇ ಬಂದಿದ್ದೀನಿ. ಲೈನಿಗೆ ಎಷ್ಟು ಹಿಡಿಸುತ್ತೋ ಅಷ್ಟೂ ತುಂಬಿ ಬರ್ತಿದೆ."

ಇಬ್ಬರೂ ಪರದೆ ನೋಡುತ್ತ ಕೂತರು.

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೋದವು. ಫ್ಯಾನು ತಿರುಗಿತು. ಶೇಕಡ ಹದಿನಾರು ಎಂದು ಬಂದು, ಬಹಳ ಹೊತ್ತು ಅಲ್ಲೇ ನಿಂತು, ಹದಿನೇಳಾಯಿತು. ಬಸವೇಶ ಎರಡು ಸಲ ನೀರು ಕುಡಿದ. ಒಂದು ಸಲ ಎದ್ದು ಕಿಟಕಿಯವರೆಗೆ ಹೋಗಿ ಹಾಗೇ ವಾಪಸು ಬಂದ. ಯಾರೋ ಫೋನು ಮಾಡಿದರು, ಎತ್ತಲಿಲ್ಲ.

ಗಿರಣಿಯ ಕೂಲಿಯವರು ಊಟಕ್ಕೆಂದು ಹೊರಗೆ ಬಂದರು. ಅವರ ಮಾತು, ನಗು ಗೋಡೆಯಾಚೆ ಕೇಳಿಸಿತು. ಅವರು ಊಟ ಮುಗಿಸಿ ಒಳಗೆ ಹೋದದ್ದೂ ಕೇಳಿಸಿತು. ಪಟ್ಟಿ ಮೂರರಲ್ಲಿ ಒಂದು ಭಾಗವನ್ನೂ ತಲುಪಿರಲಿಲ್ಲ.

"ಎಷ್ಟೊತ್ತು ಕೂತಿರ್ತೀರಿ ಮೇಡಂ?" ಎಂದ ಬಸವೇಶ.

"ಪೂರ್ತಿ ಬರೋ ತನಕ. ರಾತ್ರಿ ಹತ್ತು ದಾಟತ್ತೆ. ಅವತ್ತು ಊಟದ ಹೊತ್ತಿಗೆ ಬಂತು ಅಂದ್ರಲ್ಲ, ಅದು ಹೇಗೆ ಬಂತು ಅಂತ ನೀವು ಹೇಳಿದ್ರೆ ಈಗಲೇ ಏಳ್ತೀನಿ."

"ಎರಡು ಎಂಬಿ ಲೈನಲ್ವಾ ಮೇಡಂ. ಮಲ್ಲಪ್ಪಣ್ಣನೇ ಅಂಗಂತಿದ್ದ."

"ಅವರು ಹೇಳಿದ್ದು ಟೆಲಿಫೋನಿನವರ ಎಂಬಿ. ನೀವು ತಿಳ್ಕೊಂಡಿದ್ದು ಡಿಸ್ಕಿನ ಎಂಬಿ. ಫೈಲ್ ಕಳಿಸೋದು ತಗೊಳ್ಳೋದು ಯಾವತ್ತೂ ನಿಮ್ಮ ಕೆಲಸ ಆಗಿರಲಿಲ್ಲ, ಅಲ್ವಾ?"

ಬಸವೇಶ ಪರದೆಯಿಂದ ಕಣ್ಣು ತೆಗೆದ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿ ಅವನ್ನೇ ನೋಡುತ್ತ ಕೂತ. ಕೊನೆಗೆ ಮಾತಾಡಿದಾಗ ಅವನ ದನಿ ಬಹಳ ಸಣ್ಣದಾಗಿತ್ತು.

"ನಾ ಓಗಿದ್ದೆ ಮೇಡಂ. ಡಿಸ್ಕ್ ತಂದಿದ್ದು ನಾನೇ. ಆದ್ರೆ ಮಲ್ಲಪ್ಪಣ್ಣನ್ನ ನಾ ನೋಡ್ಲೇ ಇಲ್ಲ."

ಅವನ ತಮ್ಮ ಕುಮಾರಸ್ವಾಮಿ ಸ್ನೇಹಿತರ ಜೊತೆ ಕಾಡಿಗೆ ನುಗ್ಗಿ ಹಂದಿ ಹೊಡೆದಿದ್ದ. ಗುಂಡಿನ ಸದ್ದು ಮರದ ಮೈಕಿಗೆ ಬಿದ್ದಿತ್ತು. ಅವರ ಮಾತೂ ಬಿದ್ದಿತ್ತು, ಕುಮಾರಸ್ವಾಮಿಯ ಹೆಸರು ಹಿಡಿದು ಯಾರೋ ಕರೆದದ್ದು ಕೂಡ. ಸಿದ್ದಮಲ್ಲಪ್ಪನೇ ಬಸವೇಶನಿಗೆ ಫೋನ್ ಮಾಡಿ ತಿಳಿಸಿದ್ದ. ಬಸವೇಶ ಮಾರನೆಯ ದಿನ, ಹೇಗಾದರೂ ಕೈಕಾಲು ಹಿಡಿದು ಅದನ್ನು ಅಳಿಸಬೇಕೆಂದು ಕೇಳಿಕೊಳ್ಳಲು ಗುಡ್ಡಕ್ಕೆ ಹೋಗಿದ್ದ. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಕೂಗಿದ. ನೀರಿಗೆ ಹೋಗಿರಬಹುದು ಎಂದುಕೊಂಡು ಸ್ವಲ್ಪ ಹೊತ್ತು ಕಾದ. ಆಮೇಲೆ ಅವನ ಕಣ್ಣಿಗೆ ಡಿಸ್ಕ್ ಬಿತ್ತು. ಯಂತ್ರ ನಿಲ್ಲಿಸಿ ಅದನ್ನು ಎಳೆದುಕೊಂಡು, ಅಲ್ಲೇ ಇದ್ದ ಖಾಲಿ ಡಿಸ್ಕನ್ನು ಆ ಜಾಗಕ್ಕೆ ತಳ್ಳಿ ಓಡಿಬಂದ. ಆ ಹಳೆಯ ಜಾತಿಯ ಡಿಸ್ಕ್ ಓದುವ ಪೆಟ್ಟಿಗೆ ಕಚೇರಿಯಲ್ಲೂ ಒಂದಿತ್ತು. ತಮ್ಮನ ಭಾಗ ಕತ್ತರಿಸಿ ಉಳಿದದ್ದನ್ನು ಕಂಪ್ಯೂಟರಿಗೆ ಹಾಕಿದ.

ಮಾರನೆಯ ದಿನ ಹೆಣ ಸಿಕ್ಕಿದ ಸುದ್ದಿ ಬಂತು. ಹೋಗಿದ್ದೆ ಎಂದರೆ ಕೊಂದವನು ನಾನೇ ಆಗುತ್ತೇನೆ ಎಂದು ಹೆದರಿ ಲೈನಿನ ಕಥೆ ಕಟ್ಟಿದ.

"ಡಿಸ್ಕ್ ಎಲ್ಲಿ?" ಎಂದಳು ಚೌಡೇಶ್ವರಿ.

"ನಮ್ ಆಲೆಮನೇಲಿ."

"ಇನ್ನೂ ಇದೆಯಾ?"

ಅವನು ಹೌದೆಂದು ತಲೆಯಾಡಿಸಿದ. "ಸುಟ್ಟಾಕ್ಬೇಕು ಅಂತಲೇ ಓಗಿದ್ದೆ. ಬೆಲ್ಲದ ಒಲೆ ಉರೀತಿತ್ತು. ಆಗ್ಲಿಲ್ಲ ಮೇಡಂ. ಇಲ್ಲಿ ಕತ್ತರ್ಸೋವಾಗ ಕೋಣೆ ಮೈಕಿಂದು ಸ್ವಲ್ಪ ಕೇಳಿದ್ದೆ. ದಿನಾ ಬೆಳಿಗ್ಗೆ ಮೈಕು ಸರಿಯದೆಯಾ ಅಂತ ನೋಡಕ್ಕೆ ಒಂದ್ ಮಾತ್ ಆಡ್ಬೇಕಿತ್ತು, ಅಷ್ಟೇ ಅವನ ಕೆಲಸ. ಅವನು ಅಷ್ಟುದ್ದ ಮಾತಾಡವ್ನೆ. ಬಸವೇಶಪ್ಪ, ಇವತ್ತು ಉಳ್ಳಿ ಸಾರು ಮಾಡೀನಿ. ಬಸವೇಶಪ್ಪ, ನೆನ್ನೆ ಗಾಳಿ ಜೋರಿತ್ತು. ಆರು ವರ್ಷ ದಿನಾ ನಂಗೇ ಅಂತ ಮಾತಾಡವ್ನೆ. ನಾ ಒಂದಿನನೂ ಕೇಳಿರ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಅವನು ಒರೆಸಿಕೊಳ್ಳಲಿಲ್ಲ.

ಚೌಡೇಶ್ವರಿ ಅವನ ಮುಖವನ್ನೇ ನೋಡಿದಳು. ಒಂದು ಸುಳ್ಳು ಹೇಳಿದವನು ಎರಡನೆಯದನ್ನೂ ಹೇಳಬಲ್ಲ. ಆದರೆ ಅವಳಿಗೆ ಬೇರೊಂದು ಯೋಚನೆ ಹೊಳೆದಿತ್ತು.

"ಆ ದಿನದ್ದು ಪೂರ್ತಿ ಕೇಳಿದ್ರಾ? ನೀವು ಡಿಸ್ಕ್ ಎಳೆಯೋವರೆಗೆ ಕೋಣೆಯ ಮೈಕು ಕೆಲಸ ಮಾಡ್ತಾನೇ ಇತ್ತಲ್ಲ."

ಬಸವೇಶ ಕೇಳಿರಲಿಲ್ಲ. ತನ್ನ ಹೆಸರು ಹಿಡಿದು ಮಾತಾಡುವ ಆ ದನಿ ಕೇಳಲಾಗದೆ ನಿಲ್ಲಿಸಿಬಿಟ್ಟಿದ್ದ. ಕಂಪ್ಯೂಟರಿಗೆ ಹಾಕುವಾಗ ಕೋಣೆಯ ಮೈಕಿನದನ್ನು ಬಿಟ್ಟು ಕಾಡಿನ ಮೈಕಿನವನ್ನಷ್ಟೇ ಹಾಕಿದ್ದ. ಚೌಡೇಶ್ವರಿಗೆ ಕೊಟ್ಟ ನಕಲಿನಲ್ಲೂ ಅವಷ್ಟೇ ಇದ್ದವು.

ಆಲೆಮನೆ ಊರಾಚೆಯ ಗದ್ದೆಯಲ್ಲಿತ್ತು. ಬೆಲ್ಲದ ಅಚ್ಚುಗಳ ಹಿಂದೆ, ಗೊಬ್ಬರದ ಚೀಲದಲ್ಲಿ ಸುತ್ತಿಟ್ಟ ಡಿಸ್ಕನ್ನು ಬಸವೇಶ ತಾನೇ ತಂದು ಅವಳ ಕೈಗಿಟ್ಟ. ಇಟ್ಟಿಗೆಯಷ್ಟು ತೂಕವಿತ್ತು.

ಕಚೇರಿಯ ಪೆಟ್ಟಿಗೆಯಲ್ಲೇ ಕೇಳಬಹುದು ಎಂದ ಬಸವೇಶ. ಚೌಡೇಶ್ವರಿ ಒಪ್ಪಲಿಲ್ಲ. ಅವನು ಕತ್ತರಿಸುವ ಕೆಲಸ ಮಾಡಿದ ಯಂತ್ರವನ್ನು ಅವಳು ನಂಬುವಂತಿರಲಿಲ್ಲ. ಅಲ್ಲದೆ, ಸದ್ದು ಎಲ್ಲಿ ಹುಟ್ಟಿತೋ ಅಲ್ಲೇ ನಿಂತು ಕೇಳಿದರೆ ಯಾವುದು ಬಾಗಿಲು, ಯಾವುದು ಬೆಂಚು ಎಂದು ತಿಳಿಯುತ್ತದೆ. ಬಸವೇಶನನ್ನೂ ಜೀಪಿಗೆ ಹತ್ತಿಸಿಕೊಂಡು ಮತ್ತೆ ಬೋಳುಬಂಡೆಗೆ ಹೊರಟಳು.

ಗುಡ್ಡ ಹತ್ತಿದಾಗ ಬಿಸಿಲು ಇಳಿಮುಖವಾಗಿತ್ತು. ಗಣೇಶ ಬಾಗಿಲಲ್ಲಿ ಕೂತು ತೂಕಡಿಸುತ್ತಿದ್ದ. ಹಸಿರು ದೀಪ ಇನ್ನೂ ಮಿನುಗುತ್ತಿತ್ತು. ಫೈಲಿನ ಮುಕ್ಕಾಲು ಭಾಗವೂ ಹೋಗಿರಲಿಲ್ಲ. ಅವಳು ಅದನ್ನು ನಿಲ್ಲಿಸಿ ಡಿಸ್ಕ್ ಬದಲಾಯಿಸಿದಳು. ಗಣೇಶನನ್ನು ಜೀಪಿನ ಬಳಿ ಬಸವೇಶನ ಕಾವಲಿಗೆ ಕಳಿಸಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಮೊದಲಿಗೆ ಸಿದ್ದಮಲ್ಲಪ್ಪ ಕೆಮ್ಮಿದ್ದು ಕೇಳಿಸಿತು.

ಅವನ ದನಿಯನ್ನು ಅವಳು ಕೇಳುತ್ತಿದ್ದುದು ಅದೇ ಮೊದಲು. ಹೆಣವನ್ನು ನೋಡಿದ್ದಳು, ಕೋಣೆಯನ್ನು ನೋಡಿದ್ದಳು, ಒಗೆದು ಮಡಚಿಟ್ಟ ಎರಡು ಪಂಚೆಗಳನ್ನು ನೋಡಿದ್ದಳು. ಈಗ ಅವನು ಅವಳ ಕಿವಿಯಲ್ಲೇ, ಬಸವೇಶಪ್ಪ, ರಾತ್ರಿ ನಿದ್ದೆ ಬರ್ಲಿಲ್ಲ ಕಣಪ್ಪ ಎಂದ. ಸ್ಟೌ ಹಚ್ಚಿದ. ಪಾತ್ರೆ ಸರಿಸಿದ. ಹಕ್ಕಿಯೊಂದಕ್ಕೆ ಏನೋ ಹೇಳಿದ. ತುಸು ಹೊತ್ತು ಬರೀ ಗಾಳಿ.

ಆಮೇಲೆ ಒಂದು ಬೈಕು ಬಂದು ನಿಂತ ಸದ್ದು. ಬೂಟಿನ ಹೆಜ್ಜೆ. ಬಾಗಿಲು.

"ಯಾರಪ್ಪ?" ಎಂದ ಸಿದ್ದಮಲ್ಲಪ್ಪ.

ಗಂಡಸಿನ ದನಿ. ಮೆತ್ತಗಿನ, ಅವಸರವಿಲ್ಲದ ದನಿ. ಅವಳು ಎಂದೂ ಕೇಳಿರದ ದನಿ.

"ಔಟ್‌ಪೋಸ್ಟ್ ಮೇಡಂ ಕಳ್ಸವ್ರೆ. ಚೌಡೇಶ್ವರಿ ಮೇಡಂ."

ಚೌಡೇಶ್ವರಿ ಯಂತ್ರವನ್ನು ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಅದೇ ಹೆಸರು. ಅವಳದೇ.

ಅವಳು ಯಾರನ್ನೂ ಕಳಿಸಿರಲಿಲ್ಲ. ಸಿದ್ದಮಲ್ಲಪ್ಪ ಎಂಬ ಮನುಷ್ಯ ಇದ್ದಾನೆಂಬುದೇ ಅವಳಿಗೆ ಆಗ ಗೊತ್ತಿರಲಿಲ್ಲ.

ಮುಂದಕ್ಕೆ ಬಿಟ್ಟಳು.

"ಬಾಪ್ಪ ಬಾ," ಎಂದ ಸಿದ್ದಮಲ್ಲಪ್ಪ. ಅವನ ದನಿ ಬದಲಾಗಿತ್ತು. ನೆಂಟರು ಬಂದ ಮನೆಯವನ ದನಿ ಅದು. "ನೆನ್ನೆ ಔಟ್‌ಪೋಸ್ಟ್‌ಗೆ ಫೋನ್ ಮಾಡಿ ಯೇಳಿದ್ದೆ, ಮೇಡಂಗೆ ತಿಳುಸ್ತೀವಿ ಅಂದ್ರು. ಬರ್ತಾರೋ ಇಲ್ವೋ ಅಂತ ರಾತ್ರಿಯೆಲ್ಲ ಕಾಯ್ತಾ ಕುಂತಿದ್ದೆ. ಕೂತ್ಕೊ, ಒಂದ್ ಲೋಟ ಟೀ ಕುಡೀವಂತೆ."

ಬೆಂಚು ಎಳೆದ ಸದ್ದು. ಟೀ ಸುರಿದ ಸದ್ದು.

ಬಂದವನು, ಗುಂಡಿನ ಸದ್ದು ಎಲ್ಲಿದೆ, ಕೇಳಿಸಿ ಎಂದ.

"ಗುಂಡಿಂದು ಬುಡಪ್ಪ. ಅದು ಯಾರೋ ಉಡುಗ್ರು ಅಂದಿ ಒಡ್ದವ್ರೆ, ಅದನ್ನ ಅವರ ಅಣ್ಣಂಗೇ ಯೇಳೀನಿ. ನಾ ಫೋನಲ್ಲಿ ಯೇಳಿದ್ದು ಅದಲ್ಲ. ಗುಂಡಾದ ಮ್ಯಾಕೆ ಕೇಳ್ತದಲ್ಲ, ಅದು. ಆ ಹೆಣ್ಣುಮಗಳು ಅಳೋದು."

ಲೋಟವನ್ನು ಬೆಂಚಿನ ಮೇಲೆ ಇಟ್ಟ ಸದ್ದು.

"ಯಾವ ಕಡೆಯಿಂದ?" ಎಂದ ಬಂದವನು.

"ಪಡುವಲಿಂದ. ಅಲ್ಲಿ ಹೆಜ್ಜೇನದೆ, ನಾ ಓಗಲ್ಲ. ಇಲ್ಲೇ ನಿಂತು ಕೈ ತೋರುಸ್ತೀನಿ."

"ನಾ ಇದ್ದೀನಲ್ಲ. ಬನ್ನಿ, ಅಂಚಿಗೆ ಓಗಿ ತೋರ್ಸಿ."

ಚಪ್ಪಲಿಯ ಹೆಜ್ಜೆ, ಬೂಟಿನ ಹೆಜ್ಜೆ, ಎರಡೂ ಬಾಗಿಲು ದಾಟಿ ಹೋದವು. ಗಾಳಿ. ಸ್ಟೌವಿನ ಮೇಲೆ ಏನೋ ಕುದಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಒಂದೇ ಜೋಡಿ ಹೆಜ್ಜೆ ವಾಪಸು ಬಂತು. ಬೂಟಿನದು. ಅದು ಒಳಗೆ ಬಂದು ಸ್ಟೌ ಆರಿಸಿತು. ಲೋಟಗಳನ್ನು ತೊಳೆಯಿತು. ಡಿಸ್ಕಿನ ಕಪಾಟಿನ ಬಳಿ ಬಂದು ನಿಂತಿತು. ಅಷ್ಟರಲ್ಲಿ ದೂರದಲ್ಲಿ ಕಾರೊಂದು ಗುಡ್ಡ ಏರುವ ಸದ್ದು. ಹೆಜ್ಜೆಗಳು ಅವಸರದಿಂದ ಹೊರಗೆ ಹೋದವು, ಬೈಕಿನ ಸದ್ದು ಗುಡ್ಡದ ಹಿಂಬದಿಗೆ ಇಳಿದುಹೋಯಿತು. ತುಸು ಹೊತ್ತಿಗೆ ಬಸವೇಶನ ದನಿ, ಮಲ್ಲಪ್ಪಣ್ಣ, ಮಲ್ಲಪ್ಪಣ್ಣ ಎಂದು ಕೂಗುತ್ತ ಒಳಗೆ ಬಂತು.

ಚೌಡೇಶ್ವರಿ ಹೆಡ್‌ಫೋನ್ ತೆಗೆದಳು.

ಬಸವೇಶ ಕೊಲೆಗಾರನಲ್ಲ. ಬಂದವನು ಯಾರೋ ಅವಳಿಗೆ ಗೊತ್ತಿಲ್ಲ. ಅಳುತ್ತಿದ್ದ ಹೆಣ್ಣುಮಗಳು ಯಾರೋ, ಈಗ ಎಲ್ಲಿದ್ದಾಳೋ, ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಒಬ್ಬ ಒಂಟಿ ಮನುಷ್ಯ ಹೆದರಿ ಅವಳನ್ನು ಕೇಳಿ ಫೋನ್ ಮಾಡಿದ್ದ. ಔಟ್‌ಪೋಸ್ಟಿನಲ್ಲಿ ಯಾರೋ ಫೋನ್ ಎತ್ತಿಕೊಂಡಿದ್ದರು. ಅವಳಿಗೆ ಹೇಳದೆ ಬೇರೆ ಯಾರಿಗೋ ಹೇಳಿದ್ದರು. ಸಿದ್ದಮಲ್ಲಪ್ಪ ಬಾಗಿಲು ತೆರೆದದ್ದು ಅವಳ ಹೆಸರು ಕೇಳಿ.

ಔಟ್‌ಪೋಸ್ಟಿನಲ್ಲಿ ಅವಳನ್ನು ಬಿಟ್ಟರೆ ಇರುವುದು ಮೂವರು. ಅವರಲ್ಲಿ ಇಬ್ಬರು ಈಗ ಈ ಗುಡ್ಡದ ಮೇಲಿದ್ದಾರೆ.

ಹಿಂದೆ ನೆಲದ ಮೇಲೆ ನೆರಳು ಬಿತ್ತು. ಶಿವನಂಜಯ್ಯ ಯಾವಾಗ ಒಳಗೆ ಬಂದನೋ ಅವಳಿಗೆ ತಿಳಿದಿರಲಿಲ್ಲ.

"ಏನಾದ್ರೂ ಕೇಳ್ತಾ ಮೇಡಂ?"

"ಇಲ್ಲ," ಎಂದಳು. "ಬರೀ ಗಾಳಿ."

ಅವಳು ಡಿಸ್ಕನ್ನು ಎಳೆದು ಎದೆಗೆ ಒತ್ತಿ ಹಿಡಿದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಶಿವನಂಜಯ್ಯ ಅದನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ಬಾಗಿಲಿಗೆ ಅಡ್ಡಲಾಗಿ ನಿಂತುಕೊಂಡ.

"ಭಾರ ಅದೆ," ಎಂದು ಕೈ ಚಾಚಿದ. "ನನ್ ತಾವ ಕೊಡಿ ಮೇಡಂ. ನಾ ಜ್ವಾಪಾನ ಮಾಡ್ತೀನಿ."